ಎರಡನೇ ಕೋಣೆಯ ಬಾಗಿಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯ ನೆಲಮಾಳಿಗೆಯ ಕಾರಿಡಾರಿನಲ್ಲಿ ಟ್ಯೂಬ್‌ಲೈಟೊಂದು ಹತ್ತಲೋ ಬೇಡವೋ ಎಂದು ಮಿಣುಕುತ್ತಿದೆ. ಎಕ್ಸ್‌ರೇ ವಿಭಾಗದಲ್ಲಿ, ಐವತ್ತು ದಾಟಿದ ಮಹಿಳೆಯೊಬ್ಬರು ಗೋಡೆಯ ಕೊಕ್ಕೆಗಳಿಗೆ ತೂಗುಹಾಕಿದ, ಕಿರಣ ತಡೆಯುವ ಸೀಸದ ಏಪ್ರನ್‌ಗಳನ್ನು ಒಂದೊಂದಾಗಿ ಇಳಿಸಿ ಮೇಜಿನ ಮೇಲೆ ಹರಡುತ್ತಿದ್ದಾರೆ. ಒಂದೊಂದೂ ಕೈಕೂಸಿನಷ್ಟು ಭಾರ. ಹರಡಿದ್ದನ್ನು ಅಂಗೈಯಿಂದ ಒತ್ತಿ ಒತ್ತಿ ಸವರುತ್ತಾರೆ. ಮೂರನೆಯದರ ಸೊಂಟದ ಭಾಗಕ್ಕೆ ಬಂದಾಗ ಕೈ ನಿಲ್ಲುತ್ತದೆ.

“ಇಲ್ಲಿ ಮುಟ್ಟಿ ನೋಡಿ. ಒಳಗೆ ಸೀಸ ಬಿರುಕು ಬಿಟ್ಟಿದೆ. ಮೇಲಿನ ಬಟ್ಟೆ ಮಾತ್ರ ಮದುಮಗಳ ಸೀರೆ ಹಾಗೆ ಹೊಸದು. ಇದನ್ನ ಹಾಕ್ಕೊಂಡು ನಿಂತ್ರೆ ಕೊಡೆ ಹಿಡ್ಕೊಂಡು ನೆಂದ ಹಾಗೆ,” ಎಂದು ನನಗೆ ತೋರಿಸುತ್ತಾರೆ. ಸೀಮೆಸುಣ್ಣದಲ್ಲಿ ಅದರ ಮೇಲೆ ದಪ್ಪನೆಯ ಅಡ್ಡಗೆರೆ ಎಳೆದು ಮೂಲೆಗೆ ಎಸೆಯುತ್ತಾರೆ.

ಅಷ್ಟರಲ್ಲಿ ಹೊಸದಾಗಿ ಸೇರಿದ ಟೆಕ್ನಿಷಿಯನ್ ಹುಡುಗಿ ಬಂದು, ಇನ್ನೊಂದು ಏಪ್ರನ್ ಮಡಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾಳೆ. “ಏನಮ್ಮ ತಾಯಿ, ಅದೇನು ಟವೆಲ್ಲಾ? ಮಡಚಿದ್ರೆ ಸೀಸ ಮುರಿಯುತ್ತೆ. ಮುರಿದ್ರೆ ನಿನ್ನ ಮೈ ಮುರಿಯುತ್ತೆ.” ಹುಡುಗಿ ನಾಲಿಗೆ ಕಚ್ಚಿಕೊಂಡು ಏಪ್ರನ್ನನ್ನು ಕೊಕ್ಕೆಗೆ ಹಾಕುತ್ತಾಳೆ. ಈ ತಪಾಸಣೆ ಆಸ್ಪತ್ರೆಯ ಸುರಕ್ಷತಾ ಅಧಿಕಾರಿಯ ಕೆಲಸ. ಆದರೆ ಆ ಹುದ್ದೆ ಖಾಲಿ ಬಿದ್ದು ಎಷ್ಟು ವರ್ಷವಾಯಿತೆಂದರೆ, ಅವರ ಕೋಣೆಯಲ್ಲಿ ಈಗ ಮುರಿದ ಗಾಲಿಕುರ್ಚಿಗಳು ವಾಸವಾಗಿವೆ.

ಈಕೆ ಇಲ್ಲಿನ ಹಿರಿಯ ಎಕ್ಸ್‌ರೇ ಟೆಕ್ನಿಷಿಯನ್. ಸಾರ್ವಜನಿಕ ಸೇವೆಯ ವೃತ್ತಿಪರರ ಸಂಘದ ಆಸ್ಪತ್ರೆ ಘಟಕಕ್ಕೆ ಕಾರ್ಯದರ್ಶಿಯೂ ಹೌದು. ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಇವರ ನಿಜವಾದ ಹೆಸರು ಹೇಳಲಾರರು. “ಬಾಗಿಲಕ್ಕನಾ? ಮೆಟ್ಟಿಲ ಕೆಳಗಿನ ರೂಮಲ್ಲಿ ನೋಡಿ,” ಎನ್ನುತ್ತಾರೆ. ಮೆಟ್ಟಿಲ ಕೆಳಗಿನ ಆ ರೂಮೇ ಸಂಘದ ಕಚೇರಿ. ನೆಟ್ಟಗೆ ನಿಂತರೆ ತಲೆಗೆ ಕಾಂಕ್ರೀಟು ಬಡಿಯುತ್ತದೆ. “ಅದಕ್ಕೇ ನಮ್ಮ ಮೀಟಿಂಗಲ್ಲಿ ಎಲ್ಲರೂ ಕೂತೇ ಜಗಳ ಆಡ್ತೀವಿ,” ಎಂದು ನಗುತ್ತಾರೆ.

ಸಂಘ ಎಂದರೆ ನಮ್ಮಲ್ಲಿ ಹಲವರಿಗೆ ಬಾವುಟ, ಘೋಷಣೆ, ರಸ್ತೆ ತಡೆ ಇಷ್ಟೇ ಕಣ್ಣಿಗೆ ಬರುವುದು. ಬಾಗಿಲಕ್ಕನ ಜೊತೆ ಒಂದು ವಾರ ಓಡಾಡಿದವರಿಗೆ ಬೇರೆಯೇ ಕಾಣುತ್ತದೆ. ಸತತವಾಗಿ ರಾತ್ರಿ ಪಾಳಿ ಬಿದ್ದ ನರ್ಸ್ ಒಬ್ಬರು ಬಂದು ಕಣ್ಣೀರಿಡುತ್ತಾರೆ. ಪ್ರಯೋಗಾಲಯದವರು ಕೈಗವಸು ಬಂದಿಲ್ಲ ಎನ್ನುತ್ತಾರೆ. ಔಷಧ ವಿತರಕರೊಬ್ಬರಿಗೆ ವಿಚಾರಣೆಗೆ ಕರೆ ಬಂದಿದೆ. ಒಬ್ಬರೇ ಹೋಗಲು ಭಯ. “ಅಕ್ಕ, ಬರ್ತೀರಾ?” ಎಂದು ಕೇಳುತ್ತಾರೆ. ಅಕ್ಕ ಹೋಗುತ್ತಾರೆ. ಇದಕ್ಕೆ ಭತ್ಯೆ ಇಲ್ಲ, ಬಡ್ತಿ ಇಲ್ಲ. ಮೇಲಿನವರ ಕೆಂಗಣ್ಣು ಮಾತ್ರ ಧಾರಾಳ.

ಇವರು ಹುಟ್ಟು ಹೋರಾಟಗಾರ್ತಿಯೇನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಘದ ಕಡೆ ತಲೆಯೂ ಹಾಕಿದವರಲ್ಲ. ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ಎಲ್ಲರೂ ಅವರನ್ನು ‘ಅಣ್ಣ’ ಎನ್ನುತ್ತಿದ್ದರು. ಮೂಳೆ ಕೂರಿಸುವ ಶಸ್ತ್ರಚಿಕಿತ್ಸೆಗಳಲ್ಲಿ ವೈದ್ಯರ ಪಕ್ಕದಲ್ಲಿ ನಿಂತು ಎಕ್ಸ್‌ರೇ ಯಂತ್ರ ನಡೆಸುವುದು ಅವರ ಕೆಲಸ. ಕಣ್ಣಿಗೆ ಹಾಕುವ ಸೀಸದ ಕನ್ನಡಕ ಆಸ್ಪತ್ರೆಯಲ್ಲಿ ಒಂದೇ ಇತ್ತು, ಅದು ವೈದ್ಯರಿಗೆ. ವರ್ಷಗಳು ಕಳೆದಂತೆ ಅಣ್ಣನ ಕಣ್ಣಿಗೆ ಮಂಜು ಕವಿಯಿತು.

ಕಿರಣಗಳ ಬಳಿ ಕೆಲಸ ಮಾಡುವವರೆಲ್ಲ ಎದೆಯ ಮೇಲೆ ಪುಟ್ಟ ಬ್ಯಾಡ್ಜ್ ಧರಿಸುತ್ತಾರೆ. ಮೈಗೆ ಎಷ್ಟು ಕಿರಣ ತಾಗಿತೆಂದು ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಅಳೆಸುತ್ತಾರೆ. ಅಣ್ಣನ ಬ್ಯಾಡ್ಜ್ ಮಿತಿ ಮೀರಿದೆ ಎಂದು ವರದಿ ಬಂದಾಗ ಆಗಿನ ಮುಖ್ಯಸ್ಥರು ಕೇಳಿದ ಮೊದಲ ಪ್ರಶ್ನೆ, “ಬ್ಯಾಡ್ಜ್ ಎಲ್ಲಿ ಬಿಟ್ಟು ಹೋಗಿದ್ದೆ?” ಅಂದರೆ ಕಿರಣ ತಾಗಿದ್ದು ಮನುಷ್ಯನಿಗಲ್ಲ, ಅವನು ಮರೆತು ಬಿಟ್ಟುಹೋದ ಬ್ಯಾಡ್ಜಿಗೆ! ಅಜಾಗರೂಕತೆ ಎಂದು ಎಚ್ಚರಿಕೆ ಕೊಟ್ಟರು. ಅಣ್ಣ ತಲೆ ತಗ್ಗಿಸಿ ಹೊರಬಂದರು.

“ನಾನು ಬಾಗಿಲ ಹೊರಗೇ ನಿಂತಿದ್ದೆ. ಅಣ್ಣ ಗೋಡೆ ಹಿಡ್ಕೊಂಡು ನಡೆದು ಬಂದ್ರು. ‘ಹೋಗ್ಲಿ ಬಿಡಮ್ಮ’ ಅಂದ್ರು. ಆ ಮಾತು ಕೇಳಿ ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಅವತ್ತೇ ಹೋಗಿ ಸಂಘಕ್ಕೆ ಸೇರಿದೆ. ಅಣ್ಣನೂ ಸೇರಿದ್ರು, ನಿವೃತ್ತಿಯಾದ ದಿನ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗೆ.”

ಇನ್ನು ಆ ಬಾಗಿಲ ಕಥೆ.

ಈ ವಿಭಾಗದಲ್ಲಿ ಎರಡು ಕೋಣೆ. ದಿನಕ್ಕೆ ನೂರಕ್ಕೆ ಮೇಲ್ಪಟ್ಟು ರೋಗಿಗಳು. ಎರಡನೇ ಕೋಣೆಗೆ ಸೀಸದ ತಗಡು ಹೊದಿಸಿದ ದಪ್ಪ ಬಾಗಿಲು. ರೋಗಿಯನ್ನು ಒಳಗೆ ಮಲಗಿಸಿ, ಬಾಗಿಲು ಹಾಕಿ, ಟೆಕ್ನಿಷಿಯನ್ ಹೊರಗೆ ಗೋಡೆಗೆ ಅಂಟಿದ ಪುಟ್ಟ ಕಟಕಟೆಯಲ್ಲಿ ನಿಂತು ಗುಂಡಿ ಒತ್ತಬೇಕು. ಬಾಗಿಲು ಭದ್ರವಾಗಿದ್ದರೆ ಕಿರಣ ಒಳಗೇ ಉಳಿಯುತ್ತದೆ. ಆದರೆ ಆ ಬಾಗಿಲ ತಿರುಗಣೆ ಸವೆದು ಬಾಗಿಲು ಜೋತುಬಿದ್ದಿತ್ತು. ಒಳಗಿನ ತಗಡೂ ಜಾರಿತ್ತು. ಮುಚ್ಚಿದರೂ ಮೇಲೆ ಕೈ ತೂರುವಷ್ಟು ಸಂದು.

ಬಾಗಿಲಕ್ಕ ಹೇಳಿದರು. ಮತ್ತೆ ಹೇಳಿದರು. ಸಂಘದ ಪರವಾಗಿ ಹೋಗಿ ಕೂತು ಹೇಳಿದರು. ಕೊನೆಗೊಂದು ದಿನ ಆಡಳಿತಾಧಿಕಾರಿಗಳ ಕಡೆಯಿಂದ ಇಬ್ಬರು ಏಣಿ ಹೊತ್ತು ಬಂದರು. ಸಂದಿಗೆ ಅಡ್ಡಲಾಗಿ ಒಂದು ಹಸಿರು ಪರದೆ ಕಟ್ಟಿ ಹೋದರು.

ಹೌದು, ಪರದೆ. ಬಟ್ಟೆಯದು. ಮೂಳೆಯ ಚಿತ್ರ ತೆಗೆಯಲು ಮಾಂಸವನ್ನೇ ದಾಟಿ ಹೋಗುವ ಕಿರಣಕ್ಕೆ ಕಿಟಕಿ ಪರದೆಯ ಅಡ್ಡಿ! ಕಣ್ಣಿಗೆ ಸಂದು ಕಾಣಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು.

ಆ ಪರದೆಯ ಕೆಳಗೆ ಗುಂಡಿ ಒತ್ತುತ್ತಿದ್ದವರಲ್ಲಿ ಗುತ್ತಿಗೆ ಮೇಲಿದ್ದ ಒಬ್ಬ ಟೆಕ್ನಿಷಿಯನ್ ಇದ್ದಳು. ಎತ್ತರ ಕಡಿಮೆ ಎಂದು ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಏಪ್ರನ್ ಇಡುವ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದದ್ದು ಬಾಗಿಲಕ್ಕನ ಕಣ್ಣಿಗೆ ಬಿತ್ತು. ಬ್ಯಾಡ್ಜಿನ ವರದಿ ಬಂದಿತ್ತು. ಮಿತಿ ಮೀರಿತ್ತು. ಆಡಳಿತಾಧಿಕಾರಿ ಅದೇ ಹಳೆಯ ಹಾಡು ಹಾಡಿದ್ದರು, ಬ್ಯಾಡ್ಜನ್ನು ಒಳಗೆ ಬಿಟ್ಟಿರುತ್ತೀಯ ಎಂದು. ಅಜಾಗರೂಕರಿಗೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದೂ ಸೇರಿಸಿದ್ದರು.

“ಅಳಬೇಡ, ಮಾತಾಡೋಣ ಅಂದೆ. ಅವಳು ಕೋಟಿನ ಗುಂಡಿ ಬಿಚ್ಚಿ ಹೊಟ್ಟೆ ತೋರಿಸಿದ್ಲು. ಐದು ತಿಂಗಳು. ಸಡಿಲ ಕೋಟು ಹಾಕ್ಕೊಂಡು ಮುಚ್ಚಿಟ್ಟಿದ್ಲು. ‘ಯಾಕೇ ಹೇಳ್ಲಿಲ್ಲ?’ ಅಂದ್ರೆ, ‘ಹೇಳಿದ್ರೆ ಕೆಲಸ ಹೋಗುತ್ತೆ ಅಕ್ಕ, ಹೋದ ವರ್ಷ ಇನ್ನೊಬ್ಬಳದ್ದು ಹೋಯ್ತಲ್ಲ’ ಅಂದ್ಲು. ನಂಗೆ ಮೈಯೆಲ್ಲ ಉರಿ.”

ಮಾರನೆಯ ಬೆಳಿಗ್ಗೆ ಬಾಗಿಲಕ್ಕ ಎರಡನೇ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಂದನೇ ಕೋಣೆ ಮಾಮೂಲಿನಂತೆ ಶುರುವಾಯಿತು. ಹೊತ್ತೇರಿದಂತೆ ಸಾಲು ಬೆಳೆದು ಮೆಟ್ಟಿಲು ಹತ್ತಿತು. ಆಡಳಿತಾಧಿಕಾರಿ ಇಳಿದು ಬಂದರು.

“ಏನಿದು ನಾಟಕ?”

“ನಾಟಕಕ್ಕೆ ಪರದೆ ಕಟ್ಟಿದೋರು ನೀವು ಸಾರ್, ನಾನಲ್ಲ.”

“ರೋಗಿಗಳನ್ನ ಸಾಯಿಸ್ತೀಯಾ?”

“ಒಂದನೇ ಕೋಣೆ ನಡೀತಿದೆ ಸಾರ್. ಅಪಘಾತದೋರು, ಮಕ್ಕಳು ಮೊದಲು ಹೋಗ್ತಿದಾರೆ. ಎಷ್ಟು ಹೊತ್ತಾದ್ರೂ ಎಲ್ಲರದ್ದೂ ಮುಗಿಸಿಯೇ ನಾವು ಮನೆಗೆ ಹೋಗೋದು. ಈ ಬಾಗಿಲು ಮಾತ್ರ ತೆಗೆಯಲ್ಲ.”

ಅವರು ಪಕ್ಕದಲ್ಲಿದ್ದ ಗಡ್ಡದ ಟೆಕ್ನಿಷಿಯನ್ ಕಡೆ ತಿರುಗಿ, “ನೀನು ತೆಗಿ. ಇದು ಆದೇಶ,” ಎಂದರು. ಗಡ್ಡದವರು ಮೆತ್ತಗಿನ ಆಸಾಮಿ, ಸಂಘದ ಸಭೆಗೆ ಬಂದರೂ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುವವರು. ಒಂದು ಕ್ಷಣ ಬಾಗಿಲು ನೋಡಿದರು, ಒಂದು ಕ್ಷಣ ಬಾಗಿಲಕ್ಕನ ಮುಖ ನೋಡಿದರು. “ಸಾರ್, ಬೆಳಿಗ್ಗೆಯಿಂದ ಯಾಕೋ ಸೊಂಟ ಹಿಡ್ಕೊಂಡಿದೆ,” ಎಂದವರೇ ಬಾಗಿಲ ಮುಂದೆ ನೆಲಕ್ಕೆ ಕೂತುಬಿಟ್ಟರು. ಅವರ ಹಿಂದೆಯೇ ಇನ್ನಿಬ್ಬರಿಗೆ ಸೊಂಟ ಹಿಡಿಯಿತು.

ಆಮೇಲೆ ನಡೆದದ್ದು ಹೊಲಸು ಕೆಲಸ. ‘ಸಂಘದವರ ಅಡ್ಡಿಯಿಂದಾಗಿ ಎಕ್ಸ್‌ರೇ ತಡವಾಗುತ್ತಿದೆ, ರೋಗಿಗಳು ಸಹಕರಿಸಬೇಕು’ ಎಂದು ಆಡಳಿತದವರು ಇಡೀ ಆಸ್ಪತ್ರೆಗೆ ಮೈಕಿನಲ್ಲಿ ಸಾರಿದರು. ಬಾಗಿಲಿನ ಮಾತಿಲ್ಲ, ಪರದೆಯ ಮಾತಿಲ್ಲ. ನೋವಿನಲ್ಲಿ ಕಾದವರಿಗೆ ಬೈಯಲು ಒಂದು ಮುಖ ಬೇಕಿತ್ತು. ಅದನ್ನು ತೋರಿಸಿ ಕೊಟ್ಟರು. ಮುರಿದ ಕೈಯ ತಾಯಿಯನ್ನು ಕರೆತಂದಿದ್ದವನೊಬ್ಬ ಮುಂದೆ ಬಂದು, “ಸಂಬಳ ತಗೊಂಡು ಬಾಗಿಲು ಕಾಯ್ತೀರಲ್ಲ, ನಾಚಿಕೆ ಆಗಲ್ವಾ?” ಎಂದು ಬಾಗಿಲಕ್ಕನ ಕಾಲ ಬುಡದಲ್ಲಿ ಉಗಿದ.

“ಅವನ ಮೇಲೆ ನಂಗೆ ಸಿಟ್ಟಿಲ್ಲ. ಅವನಮ್ಮ ನರಳ್ತಿದ್ರು. ಅವನನ್ನ ನನ್ನ ಮೇಲೆ ಛೂ ಬಿಟ್ಟು ಮೇಲೆ ಹೋಗಿ ಕಾಫಿ ಕುಡಿದ್ರಲ್ಲ, ಅವರ ಮೇಲೆ ಸಿಟ್ಟು. ಇವತ್ತಿಗೂ ಇದೆ. ಹೋಗೋದೂ ಬೇಡ.”

ಆ ತಾಯಿಯ ಸರದಿ ಬಂದಾಗ, ಬಾಗಿಲನ್ನು ಗಡ್ಡದವರ ಸುಪರ್ದಿಗೆ ಬಿಟ್ಟು, ಬಾಗಿಲಕ್ಕನೇ ಒಂದನೇ ಕೋಣೆಗೆ ಹೋಗಿ ಅವರ ಎಕ್ಸ್‌ರೇ ತೆಗೆದರು. ಕೈಯನ್ನು ಮೆಲ್ಲಗೆ ಎಕ್ಸ್‌ರೇ ಹಲಗೆಯ ಮೇಲೆ ಇರಿಸುವಾಗ ಆ ಮುದುಕಿ ಕೇಳಿದ್ದು, “ಬೆಳಿಗ್ಗೆಯಿಂದ ನಿಂತೇ ಇದೀಯಲ್ಲೇ ಮಗಳೇ, ಹೊಟ್ಟೆಗೇನಾದ್ರೂ ಬಿತ್ತಾ?” ಇದನ್ನು ಹೇಳುವಾಗ ಮಾತ್ರ ಬಾಗಿಲಕ್ಕ ಬೇರೆ ಕಡೆ ನೋಡುತ್ತಾರೆ.

ಸಂಜೆಯೊಳಗೆ ಸಸ್ಪೆಂಡ್ ಆದೇಶ ಕೈಗೆ ಬಂತು.

ಮನೆಯಲ್ಲಿ ಬಸ್ ಓಡಿಸುವ ಗಂಡ, ಕಾಲೇಜು ಓದುವ ಮಗಳು, ಮಾತಿಗೆ ಮಾತು ಜೋಡಿಸುವ ಅತ್ತೆ. “ಬಾಗಿಲು ಕಾಯೋಕೆ ನಾಯಿ ಸಾಕ್ತಾರೆ, ನಿಂಗ್ಯಾಕೆ ಬೇಕಿತ್ತು?” ಎಂದರಂತೆ ಅತ್ತೆ. “ಅವರು ನಾಯಿನೂ ಸಾಕ್ಲಿಲ್ಲ ಅತ್ತೆ, ಪರದೆ ಕಟ್ಟಿದ್ರು,” ಎಂದರಂತೆ ಸೊಸೆ. ಗಂಡ ಮಾತ್ರ ತಟ್ಟೆಗೆ ಬಡಿಸುತ್ತ, “ಇಷ್ಟು ದಿನ ನೀನು ಸಸ್ಪೆಂಡ್ ಆದೋರ ಮನೆಗೆಲ್ಲ ಹೋಗಿ ಧೈರ್ಯ ಹೇಳ್ತಿದ್ದೆ. ಈಗ ಕೂತಲ್ಲೇ ಹೇಳ್ಕೋ, ಬಸ್ ಚಾರ್ಜು ಉಳೀತು,” ಎಂದು ನಗಿಸಿದರು. ನಗು ಬಹಳ ದಿನ ಉಳಿಯಲಿಲ್ಲ. ಮಗಳ ಗೆಳತಿಯರ ಮನೆಗಳಲ್ಲಿ, ‘ರೋಗಿಗಳನ್ನು ತಡೆದವಳು’ ಎಂಬ ಮಾತು ಹಬ್ಬಿತ್ತು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಸ್ವಂತ ಸಂಘ. ಕೇಂದ್ರ ಕಚೇರಿಯ ಅಧ್ಯಕ್ಷರು ಕರೆಸಿ, “ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಮ್ಮ, ಮುಗಿಸೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು,” ಎಂದರು.

“ಹಾವು ನಿಮ್ಮ ಕಾಲಿಗೆ ಸುತ್ಕೊಂಡಿಲ್ಲ ಸಾರ್, ಅದಕ್ಕೇ ಅದರ ಆಯಸ್ಸಿನ ಚಿಂತೆ ನಿಮಗೆ,” ಎಂದು ಎದ್ದು ಬಂದರು.

ಅತ್ತ ಆಸ್ಪತ್ರೆಯಲ್ಲಿ ಒಬ್ಬರೂ ಎರಡನೇ ಕೋಣೆಗೆ ಕಾಲಿಡಲಿಲ್ಲ. ಒಂದನೇ ಕೋಣೆಯಲ್ಲೇ ಸರದಿಯ ಮೇಲೆ, ಮನೆ ಮಠ ಮರೆತು ಎಲ್ಲ ರೋಗಿಗಳನ್ನೂ ನೋಡಿದರು. ಆಡಳಿತದವರು ಹೊರಗಿನಿಂದ ಒಬ್ಬ ಟೆಕ್ನಿಷಿಯನ್‌ನನ್ನು ಕರೆತಂದರು. ಅವನು ಬಾಗಿಲು ನೋಡಿದ, ಪರದೆ ಎತ್ತಿ ನೋಡಿದ. “ನಂಗೂ ಹೆಂಡತಿ ಮಕ್ಕಳಿದಾರೆ ಸಾರ್,” ಎಂದು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದ. ಈ ಸುದ್ದಿ ಬೇರೆ ಆಸ್ಪತ್ರೆಗಳ ಘಟಕಗಳಿಗೆ ಹಬ್ಬಿತು. ಅಲ್ಲಿಯ ಟೆಕ್ನಿಷಿಯನ್ನರು, ನರ್ಸುಗಳು ತಮ್ಮ ತಮ್ಮ ಬಾಗಿಲು ನೋಡಿಕೊಳ್ಳತೊಡಗಿದರು. ಆಗ ಅಧ್ಯಕ್ಷರಿಗೂ ಬೆನ್ನುಮೂಳೆ ನೆನಪಾಯಿತು. ಸಂಘ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿತು. ಇನ್ನೊಂದು ಆಸ್ಪತ್ರೆಯಲ್ಲಿ ಕಿರಣ ಅಳೆಯುವ ತಜ್ಞೆಯೊಬ್ಬರು, ಅವರೂ ಸಂಘದ ಸದಸ್ಯೆಯೇ, ಇಲಾಖೆಯವರ ಜೊತೆ ಮೀಟರ್ ಹಿಡಿದು ಬಂದರು. ಸಂಘದ ಪರವಾಗಿ ಬಾಗಿಲಕ್ಕನೂ ಜೊತೆಗಿದ್ದರು.

ಖಾಲಿ ಕೋಣೆಯೊಳಗೆ ಯಂತ್ರ ನಡೆಸಿ ನೋಡಿದರು. ಕಟಕಟೆಯಲ್ಲಿ ಮೀಟರ್ ಕಿರಿಚಿತು. ಅದು ನಿರೀಕ್ಷಿಸಿದ್ದೇ. ತಜ್ಞೆ ಅಷ್ಟಕ್ಕೇ ನಿಲ್ಲಿಸದೆ, ಮೀಟರ್ ಹಿಡಿದು ಕಾರಿಡಾರಿನಲ್ಲಿ ಒಂದೊಂದೇ ಹೆಜ್ಜೆ ಸರಿದರು. ಪ್ರತಿ ಸಲ ಯಂತ್ರ ನಡೆಸಿದಾಗಲೂ ಮೀಟರ್ ಕೂಗುತ್ತಲೇ ಇತ್ತು. ಬಾಗಿಲ ಪಕ್ಕದ ಒಂದು ಸ್ಟೂಲಿನ ಬಳಿ ನಿಂತು, “ಇಲ್ಲಿ ಯಾರು ಕೂರ್ತಾರೆ?” ಎಂದು ಕೇಳಿದರು.

ರೋಗಿಗಳ ಹೆಸರು ಕೂಗಿ ಒಳಗೆ ಕಳಿಸುವ ಆಯಾ, ಶಾಲೆಯ ಮಗುವಿನಂತೆ ಕೈ ಎತ್ತಿದಳು. “ನಾನೇ ಅಮ್ಮ. ದಿನಾ.”

“ನಿಮ್ಮ ಬ್ಯಾಡ್ಜ್ ಎಲ್ಲಿ?”

“ನಂಗ್ಯಾಕಮ್ಮ ಬ್ಯಾಡ್ಜು? ನಾನು ಆಯಾ.”

ಟೆಕ್ನಿಷಿಯನ್ನರಿಗೆ ಎಷ್ಟು ತಾಗಿದೆ ಎನ್ನಲು ಬ್ಯಾಡ್ಜಾದರೂ ಇತ್ತು. ವರ್ಷಗಟ್ಟಲೆ ಆ ಸ್ಟೂಲಿನ ಮೇಲೆ ಕೂತವಳ ಮೈಯಲ್ಲಿ ಎಷ್ಟು ಇಳಿದಿದೆಯೋ, ಅದನ್ನು ಇನ್ನು ಯಾವ ಪ್ರಯೋಗಾಲಯವೂ ಹೇಳಲಾರದು. ಆಡಳಿತಕ್ಕೆ ಅವಳು ‘ಕಿರಣದ ಬಳಿ ಕೆಲಸ ಮಾಡುವವರು’ ಎಂಬ ಲೆಕ್ಕಕ್ಕೇ ಬಂದಿರಲಿಲ್ಲ. ಸಂಘಕ್ಕಾದರೂ ಬಂದಿದ್ದಳೇ? ಇಲ್ಲ. ಅದು ವೃತ್ತಿಪರರ ಸಂಘ. ಡಿಪ್ಲೊಮಾ, ಡಿಗ್ರಿ ಇದ್ದವರಿಗೆ ಮಾತ್ರ ಸದಸ್ಯತ್ವ.

“ನಾನು ಪುಟ್ಟಿಗೋಸ್ಕರ, ನಮ್ಮೋರಿಗೋಸ್ಕರ ಬಾಗಿಲಿಗೆ ನಿಂತೆ. ಅವತ್ತೆಲ್ಲ ಆಯಾ ನನ್ನ ಕೈಯಳತೆಯಲ್ಲೇ ಕೂತಿದ್ಲು. ಅವಳ ಕಡೆ ತಿರುಗಿಯೂ ನೋಡ್ಲಿಲ್ಲ. ಸಾಹೇಬರನ್ನ ಬೈಯೋಕೆ ಬಾಯಿ ತೆಗೆದೆ, ನನ್ನ ಬಾಯಿಗೇ ಮಣ್ಣು ಬಿದ್ದ ಹಾಗಾಯ್ತು,” ಎನ್ನುತ್ತಾರೆ ಬಾಗಿಲಕ್ಕ.

ಹೊಸ ಬಾಗಿಲು ಬಂತು. ಸಸ್ಪೆಂಡ್ ಆದೇಶವನ್ನು ‘ಮಾನವೀಯತೆಯ ದೃಷ್ಟಿಯಿಂದ’ ಹಿಂಪಡೆದರು. ಮಾನವೀಯತೆ ಅವರದ್ದಂತೆ! ‘ನೀವು ಸರಿ, ನಾವು ತಪ್ಪು’ ಎಂಬ ಒಂದು ಮಾತು ಆಡಳಿತದ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ಪರದೆ ಕಟ್ಟಿಸಿದ ಆಡಳಿತಾಧಿಕಾರಿಗೆ ಬಡ್ತಿಯ ಮೇಲೆ ವರ್ಗವಾಯಿತು. ಬೀಳ್ಕೊಡುಗೆಯ ಭಾಷಣದಲ್ಲಿ ಅವರು ಎಕ್ಸ್‌ರೇ ವಿಭಾಗದ ಆಧುನೀಕರಣವನ್ನು ತಮ್ಮ ಸಾಧನೆ ಎಂದು ಹೇಳಿಕೊಂಡರು. ಹಿಂದಿನ ಸಾಲಿನಿಂದ ಗಡ್ಡದವರು ಒಬ್ಬರೇ ಜೋರಾಗಿ ಕೆಮ್ಮಿದರು.

ಪುಟ್ಟಿಯ ಗುತ್ತಿಗೆ ಮಾತ್ರ ಮುಂದುವರಿಯಲಿಲ್ಲ. ಅವಳಿಗೆ ಹೆಣ್ಣು ಮಗು. ಚೆನ್ನಾಗಿದೆ, ಅಂಬೆಗಾಲಿಡುತ್ತಿದೆ. “ಎಲ್ಲರೂ ‘ಮಗು ಚೆನ್ನಾಗಿದೆಯಲ್ಲ, ಮತ್ತೇನು?’ ಅಂತಾರೆ. ನಮ್ಮ ಅದೃಷ್ಟ, ಚೆನ್ನಾಗಿದೆ. ಅದೃಷ್ಟ ನಂಬ್ಕೊಂಡು ಆಸ್ಪತ್ರೆ ನಡೆಸ್ತಾರೇನ್ರೀ?” ಎನ್ನುವ ಬಾಗಿಲಕ್ಕನ ದನಿ ಏರುತ್ತದೆ. ಪುಟ್ಟಿಯ ದಾವೆ ಕಾರ್ಮಿಕ ನ್ಯಾಯಾಲಯದಲ್ಲಿದೆ. ಪ್ರತಿ ವಾಯಿದೆಗೂ ಬಾಗಿಲಕ್ಕ ರಜೆ ಹಾಕಿ ಹೋಗುತ್ತಾರೆ. ಪುಟ್ಟಿ ಒಳಗೆ ಹೋದಾಗ ಮಗುವನ್ನು ಎತ್ತಿಕೊಂಡು ಹೊರಗೆ ಅಡ್ಡಾಡುತ್ತಾರೆ.

ಕೆಲಸಕ್ಕೆ ಮರಳಿದ ಮೇಲೆ ಇವರು ಮಾಡಿದ ಮೊದಲ ಜಗಳ ಆಡಳಿತದ ಜೊತೆಗಲ್ಲ, ತಮ್ಮ ಸಂಘದ ಜೊತೆ. ಆಯಾಗಳು, ಸ್ಟ್ರೆಚರ್ ತಳ್ಳುವವರು, ಕೋಣೆ ಒರೆಸುವವರು ಎಲ್ಲರಿಗೂ ಸದಸ್ಯತ್ವ ಕೊಡಿ ಎಂದು ಹಠ ಹಿಡಿದರು. ‘ಹಾಗಾದ್ರೆ ನಾವು ಓದಿದ್ದಕ್ಕೇನು ಬೆಲೆ?’ ಎಂದು ಸ್ನೇಹಿತರೇ ಮುನಿಸಿಕೊಂಡರು. ಕೆಲವರು ಇವರ ಜೊತೆ ಚಹಾ ಕುಡಿಯುವುದನ್ನೂ ಬಿಟ್ಟರು. “ಕಿರಣ ಸರ್ಟಿಫಿಕೇಟು ಕೇಳಿ ತಾಗುತ್ತಾ?” ಎಂದು ಒಬ್ಬೊಬ್ಬರ ಪಾಳಿಗೂ ಹೋಗಿ ಕೇಳಿದರು. ಸಾಮಾನ್ಯ ಸಭೆಯಲ್ಲಿ ಕೈ ಎತ್ತಿಸಿದಾಗ ಕೂದಲೆಳೆಯಷ್ಟೇ ಅಂತರದಲ್ಲಿ ಗೆದ್ದರು.

ಹೆಸರು ಕೂಗುವ ಆಯಾ ಈಗ ಸದಸ್ಯೆ. ಎದೆಯ ಮೇಲೆ ಬ್ಯಾಡ್ಜೂ ಇದೆ. ಹೋದ ತಿಂಗಳು ಅವಳ ಮೊದಲ ಸಭೆ. ಹೊಸ ಸದಸ್ಯರನ್ನು ಸ್ವಾಗತಿಸಿ ಅಧ್ಯಕ್ಷರು ಉದ್ದುದ್ದ ಮಾತಾಡಿ, ‘ಏನಾದರೂ ಹೇಳುವುದಿದೆಯೇ?’ ಎಂದು ಉಪಚಾರಕ್ಕೆ ಕೇಳಿದರು. ಆಯಾ ಎದ್ದಳು. ದಿನವಿಡೀ ಕೂಗಿ ಪಳಗಿದ ಗಂಟಲು, ಮೈಕ್ ಬೇಕಿರಲಿಲ್ಲ.

“ಬ್ಯಾಡ್ಜ್ ಕೊಟ್ರಿ, ಸಂತೋಷ. ನನಗಿಂತ ಮುಂಚೆ ಆ ಸ್ಟೂಲಲ್ಲಿ ಇನ್ನೊಬ್ಬಳು ಕೂತಿದ್ಲು. ಮೈ ಹುಷಾರಿಲ್ಲ ಅಂತ ಬಿಟ್ಟು ಹೋದ್ಲು. ಅವಳು ಈಗ ಎಲ್ಲಿದಾಳೆ, ಹೇಗಿದಾಳೆ, ಯಾರಾದ್ರೂ ಕೇಳಿದೀರಾ?”

ಯಾರೂ ಕೇಳಿರಲಿಲ್ಲ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು.

ಈಗ ವಾರದ ರಜೆಯಲ್ಲಿ ಬಾಗಿಲಕ್ಕ ಮತ್ತು ಆಯಾ ಬಸ್ಸು ಹಿಡಿದು ಆ ಹಳೆಯ ಆಯಾಳ ಮನೆ ಹುಡುಕುತ್ತಿದ್ದಾರೆ. ಮೊದಲಿದ್ದ ವಠಾರ ಕೆಡವಿದ್ದಾರೆ, ನೆರೆಯವರು ಚೆದುರಿದ್ದಾರೆ. ತಂಗಿಯೊಬ್ಬಳಿದ್ದಾಳೆ ಎಂಬ ಸುಳಿವು ಸಿಕ್ಕಿದೆ. ಮುಂದಿನ ವಾರ ಅತ್ತ ಹೋಗುತ್ತಾರೆ.

ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ. ಆಮೇಲೇನು ಆಸೆ ಎಂದು ಕೇಳಿದರೆ, ಬಾಗಿಲಕ್ಕ ಮೆಟ್ಟಿಲ ಕೆಳಗಿನ ಕಚೇರಿಗೆ ಬೀಗ ಹಾಕುತ್ತ ಹೇಳುತ್ತಾರೆ: “ಇಷ್ಟು ವರ್ಷ ಸಂಘದಲ್ಲಿದ್ದೆ, ಅವತ್ತು ಸಭೇಲಿ ಆಯಾ ಕೇಳಿದಂಥ ಪ್ರಶ್ನೆ ನಾನು ಒಂದು ಸಲವೂ ಕೇಳ್ಲಿಲ್ಲ. ಮುಂದಿನ ಸಲ ಕಾರ್ಯದರ್ಶಿ ಸ್ಥಾನಕ್ಕೆ ಅವಳನ್ನೇ ನಿಲ್ಲಿಸ್ತೀನಿ. ಮೇಲಿನೋರಿಗೆ ‘ಅಯ್ಯೋ, ಇವಳಿಗಿಂತ ಆ ಬಾಗಿಲಕ್ಕನೇ ಎಷ್ಟೋ ವಾಸಿ’ ಅನ್ನಿಸ್ಬೇಕು. ಅಷ್ಟಾದ್ರೆ ಸಾಕು ನಂಗೆ.”